ಎರಡು ವರ್ಷದ ಗಡುವು, ಹಿಂದಕ್ಕೆ ಓಡುವ ಕಾಲ: ಹಾಕಿಂಗ್ ಅವರ ಜೀವನಚಿತ್ರ ಮನಸ್ಸನ್ನು ಏಕೆ ಕಲಕುತ್ತದೆ?

ವಿಜ್ಞಾನಿಯೊಬ್ಬರ ಬದುಕನ್ನು ಸಿನಿಮಾ ಮಾಡುವುದು ಮೇಲ್ನೋಟಕ್ಕೆ ಕೈಗೂಡದ ಕೆಲಸವೆಂದೇ ತೋರುತ್ತದೆ. ಕ್ರೀಡಾಪಟುವಿನ ಕಥೆಯಲ್ಲಿ ಪಂದ್ಯವಿರುತ್ತದೆ, ಸೈನಿಕನ ಕಥೆಯಲ್ಲಿ ಯುದ್ಧವಿರುತ್ತದೆ, ಗಾಯಕನ ಕಥೆಯಲ್ಲಿ ಹಾಡಿರುತ್ತದೆ. ಸೈದ್ಧಾಂತಿಕ ಭೌತವಿಜ್ಞಾನಿಯ ಕಥೆಯಲ್ಲಿರುವುದು ಕಾಗದ, ಕರಿಹಲಗೆ ಮತ್ತು ಹೊರಗಿನವರ ಕಣ್ಣಿಗೆ ಬೀಳದ ಯೋಚನೆ ಮಾತ್ರ. ಹೀಗಿದ್ದರೂ ಕಳೆದ ಒಂದೆರಡು ದಶಕಗಳಲ್ಲಿ ಗಣಿತಜ್ಞರ, ಭೌತವಿಜ್ಞಾನಿಗಳ, ರಾಕೆಟ್ ತಂತ್ರಜ್ಞರ ಬದುಕನ್ನು ಆಧರಿಸಿದ ಚಿತ್ರಗಳು ಸಾಲಾಗಿ ಬಂದಿವೆ, ಒಟಿಟಿ ವೇದಿಕೆಗಳ ಮೂಲಕ ಮನೆಮನೆಗೂ ತಲುಪಿವೆ. ಸಮೀಕರಣದ ಒಂದು ಸಾಲೂ ಅರ್ಥವಾಗದ ಪ್ರೇಕ್ಷಕರು ಕೂಡ ಚಿತ್ರ ಮುಗಿಯುವ ಹೊತ್ತಿಗೆ ಕಣ್ಣೊರೆಸಿಕೊಳ್ಳುತ್ತಾರೆ.

ಇದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ತಿಳಿಯಲು ಒಂದೇ ಚಿತ್ರವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಬ್ರಿಟಿಷ್ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ಬದುಕನ್ನು ಕುರಿತ, 2014ರಲ್ಲಿ ತೆರೆಕಂಡ ‘ದಿ ಥಿಯರಿ ಆಫ್ ಎವೆರಿಥಿಂಗ್’ ಇದಕ್ಕೆ ತಕ್ಕ ಉದಾಹರಣೆ. ಈ ಚಿತ್ರ ನಮ್ಮನ್ನು ಮುಟ್ಟುವುದಕ್ಕೆ ‘ರೋಗವನ್ನು ಗೆದ್ದ ಮೇಧಾವಿ’ ಎಂಬ ಜನಪ್ರಿಯ ವಿವರಣೆಯನ್ನು ಕೊಡುವುದುಂಟು. ಆದರೆ ಚಿತ್ರದಲ್ಲಿ ಯಾರೂ ಯಾವುದನ್ನೂ ಗೆಲ್ಲುವುದಿಲ್ಲ. ದೇಹದ ಒಂದೊಂದು ಶಕ್ತಿ ಹೋದಾಗಲೂ ಅದರ ಬೆಲೆ ಎಷ್ಟು, ಆ ಬೆಲೆಯನ್ನು ತೆತ್ತವರು ಯಾರು ಎಂಬ ಲೆಕ್ಕವನ್ನು ಅದು ತಪ್ಪದೆ ಇಡುತ್ತ ಹೋಗುತ್ತದೆ.

## ಚಿತ್ರದ ಹಿನ್ನೆಲೆ

ಹಾಕಿಂಗ್ ಅವರು ಹುಟ್ಟಿದ್ದು 1942ರ ಜನವರಿ 8ರಂದು, ಆಕ್ಸ್‌ಫರ್ಡಿನಲ್ಲಿ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿ, ವಿಶ್ವದ ಉಗಮ ಮತ್ತು ರಚನೆಯನ್ನು ಅಧ್ಯಯನ ಮಾಡುವ ವಿಶ್ವವಿಜ್ಞಾನದಲ್ಲಿ ಸಂಶೋಧನೆ ಮಾಡಲು 1962ರಲ್ಲಿ ಕೇಂಬ್ರಿಡ್ಜಿಗೆ ಬಂದರು. 1963ರ ಆರಂಭದಲ್ಲಿ, ಅವರಿಗೆ 21 ವರ್ಷ ತುಂಬಿದ ಹೊತ್ತಿಗೆ, ವೈದ್ಯರು ವಾಸಿಯಾಗದ ನರರೋಗವೊಂದನ್ನು ಪತ್ತೆಹಚ್ಚಿ, ಉಳಿದಿರುವುದು ಸುಮಾರು ಎರಡು ವರ್ಷ ಎಂದರು. 1965ರಲ್ಲಿ ಅವರು ಜೇನ್ ವೈಲ್ಡ್ ಅವರನ್ನು ಮದುವೆಯಾದರು. ಮೂವರು ಮಕ್ಕಳಾದರು. 1990ರಲ್ಲಿ ದಂಪತಿ ಬೇರೆಯಾದರು, 1995ರಲ್ಲಿ ವಿಚ್ಛೇದನವಾಯಿತು. ಹಾಕಿಂಗ್ ಅವರು ತೀರಿಕೊಂಡದ್ದು 2018ರ ಮಾರ್ಚ್ 14ರಂದು, ತಮ್ಮ 76ನೆಯ ವಯಸ್ಸಿನಲ್ಲಿ. ಅಂದರೆ ವೈದ್ಯರು ಕೊಟ್ಟ ಗಡುವು ಮುಗಿದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ.

ಚಿತ್ರದ ನಿರ್ದೇಶಕ ಜೇಮ್ಸ್ ಮಾರ್ಷ್ ಅದಕ್ಕೂ ಮೊದಲು ಸಾಕ್ಷ್ಯಚಿತ್ರಗಳಿಂದ ಹೆಸರು ಮಾಡಿದ್ದವರು. ಚಿತ್ರಕಥೆ ಆಂಥನಿ ಮೆಕ್‌ಕಾರ್ಟನ್ ಅವರದು. ಹಾಕಿಂಗ್ ಅವರ ಪಾತ್ರದಲ್ಲಿ ಎಡ್ಡಿ ರೆಡ್‌ಮೇನ್, ಜೇನ್ ಅವರ ಪಾತ್ರದಲ್ಲಿ ಫೆಲಿಸಿಟಿ ಜೋನ್ಸ್ ನಟಿಸಿದ್ದಾರೆ. ಐದು ಆಸ್ಕರ್ ನಾಮನಿರ್ದೇಶನಗಳನ್ನು ಪಡೆದ ಚಿತ್ರಕ್ಕೆ 2015ರಲ್ಲಿ ರೆಡ್‌ಮೇನ್ ಅವರ ಮೂಲಕ ಅತ್ಯುತ್ತಮ ನಟ ಪ್ರಶಸ್ತಿ ದಕ್ಕಿತು. ಇವೆಲ್ಲಕ್ಕಿಂತ ಮುಖ್ಯವಾಗಿ ನೆನಪಿಡಬೇಕಾದ ವಿವರವೊಂದಿದೆ. ಚಿತ್ರಕಥೆಗೆ ಆಧಾರವಾದದ್ದು ಹಾಕಿಂಗ್ ಅವರ ಬರಹವಲ್ಲ, ಜೇನ್ ಅವರು ಬರೆದು 2007ರಲ್ಲಿ ಪ್ರಕಟವಾದ ನೆನಪುಗಳ ಪುಸ್ತಕ. ಚಿತ್ರ ವಿಜ್ಞಾನಿಯನ್ನು ಯಾವ ದಿಕ್ಕಿನಿಂದ ನೋಡುತ್ತದೆ ಎಂಬುದು ಅಲ್ಲಿಯೇ ನಿರ್ಧಾರವಾಗಿಬಿಟ್ಟಿದೆ.

## ಕಾಯಿಲೆ ಏನು ಮಾಡುತ್ತದೆ?

ಹಾಕಿಂಗ್ ಅವರಿಗಿದ್ದದ್ದು ಮೋಟಾರ್ ನ್ಯೂರಾನ್ ಕಾಯಿಲೆ. ಅದರ ಅತ್ಯಂತ ಸಾಮಾನ್ಯ ರೂಪವನ್ನು ಎ.ಎಲ್.ಎಸ್. ಎಂದು ಕರೆಯುತ್ತಾರೆ. ಕೈಯೆತ್ತು, ಹೆಜ್ಜೆಯಿಡು, ನುಂಗು, ಮಾತಾಡು ಎಂಬಂಥ ಆಜ್ಞೆಗಳನ್ನು ಮಿದುಳಿನಿಂದ ಬೆನ್ನುಹುರಿಗೂ ಅಲ್ಲಿಂದ ಸ್ನಾಯುಗಳಿಗೂ ಒಯ್ಯುವ ನರಕೋಶಗಳಿಗೆ ಮೋಟಾರ್ ನ್ಯೂರಾನ್ ಎಂದು ಹೆಸರು. ಈ ಕಾಯಿಲೆಯಲ್ಲಿ ಅವು ಒಂದೊಂದಾಗಿ ಸಾಯುತ್ತವೆ. ಕೆರೆ ತುಂಬಿದೆ, ಹೊಲದ ಮಣ್ಣೂ ಹದವಾಗಿದೆ, ಆದರೆ ನಡುವಿನ ಕಾಲುವೆ ಹೂಳು ತುಂಬಿ ಮುಚ್ಚುತ್ತಿದೆ ಎಂದುಕೊಳ್ಳಿ. ನೀರು ತಲುಪದ ಹೊಲ ಕೆಲಕಾಲದಲ್ಲಿ ಬಿರುಕು ಬಿಡುವಂತೆ, ಆಜ್ಞೆ ತಲುಪದ ಸ್ನಾಯು ಸೊರಗಿ ಕರಗಿಹೋಗುತ್ತದೆ. ಕೆರೆಯಲ್ಲಿ ಮಾತ್ರ ನೀರು ಹಾಗೆಯೇ ಇರುತ್ತದೆ.

ಸ್ಪರ್ಶ, ದೃಷ್ಟಿ, ಶ್ರವಣಗಳನ್ನು ಈ ಕಾಯಿಲೆ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಕಣ್ಣುಗುಡ್ಡೆಗಳ ಚಲನೆಯೂ ಬಹುಕಾಲ ಉಳಿಯುತ್ತದೆ. ಕೆಲವು ರೋಗಿಗಳಲ್ಲಿ ಆಲೋಚನಾಶಕ್ತಿಗೂ ತೊಂದರೆಯಾಗುವುದುಂಟು. ಹಾಕಿಂಗ್ ಅವರ ವಿಷಯದಲ್ಲಿ ಹಾಗಾಗಲಿಲ್ಲ. ಹೆಚ್ಚಿನ ರೋಗಿಗಳು ಲಕ್ಷಣಗಳು ಕಾಣಿಸಿಕೊಂಡ ಎರಡರಿಂದ ಐದು ವರ್ಷಗಳಲ್ಲಿ, ಬಹುತೇಕ ಉಸಿರಾಟದ ಸ್ನಾಯುಗಳು ಸೋತು ತೀರಿಕೊಳ್ಳುತ್ತಾರೆ. ಆದ್ದರಿಂದ 1963ರ ವೈದ್ಯರು ಹೇಳಿದ್ದು ತಪ್ಪು ಲೆಕ್ಕವಾಗಿರಲಿಲ್ಲ. ಹಾಕಿಂಗ್ ಅವರಲ್ಲಿ ಕಾಯಿಲೆ ಅಸಾಧಾರಣ ನಿಧಾನಗತಿಯಲ್ಲಿ ಬೆಳೆಯಿತು. ಇದನ್ನು ಮನೋಬಲದ ಜಯವೆಂದು ವಿವರಿಸುವ ಲೇಖನಗಳು ಬೇಕಾದಷ್ಟಿವೆ. ಹಾಗೆ ಬರೆಯುವವರು ಎರಡೇ ವರ್ಷದಲ್ಲಿ ಹೋದ ರೋಗಿಗಳಿಗೆ ಮನೋಬಲ ಕಡಿಮೆಯಿತ್ತೆಂದು ತಮಗೆ ಅರಿವಿಲ್ಲದೆಯೇ ಹೇಳಿದಂತಾಗುತ್ತದೆ.

ಚಿತ್ರದಲ್ಲಿ ಆಸ್ಪತ್ರೆಯ ಓಣಿಯೊಂದರಲ್ಲಿ ವೈದ್ಯರು ರೋಗದ ಹೆಸರು ಹೇಳುವ ದೃಶ್ಯವಿದೆ. ಯುವಕ ಕೇಳುವ ಪ್ರಶ್ನೆ ತನ್ನ ಆಯುಷ್ಯದ್ದಲ್ಲ, ಮಿದುಳಿನದು. ಅದಕ್ಕೆ ಬರುವ ಉತ್ತರದ ಸಾರಾಂಶ ಇಷ್ಟು: ಯೋಚನೆಗಳಿಗೆ ಏನೂ ಆಗದು, ಆದರೆ ಅವು ಏನೆಂಬುದು ಕೊನೆಗೆ ಬೇರೆ ಯಾರಿಗೂ ತಿಳಿಯದಂತಾಗುತ್ತದೆ. ಚಿತ್ರದ ಮುಂದಿನ ಭಾವತೀವ್ರತೆಗೆಲ್ಲ ಈ ಮಾತೇ ತಳಹದಿ. ಸಾವಿನ ಭಯಕ್ಕಿಂತ ಬೇರೆಯಾದ, ಒಳಗೆ ಎಲ್ಲವೂ ಇದ್ದು ಹೊರಗೆ ದಾರಿಯೇ ಇಲ್ಲದಂತಾಗುವ ಭಯವೊಂದನ್ನು ಅದು ಪ್ರೇಕ್ಷಕರ ಮುಂದಿಡುತ್ತದೆ. ಭೌತವಿಜ್ಞಾನ ಗೊತ್ತಿಲ್ಲದವರಿಗೂ ಈ ಭಯ ಗೊತ್ತು. ಪಾರ್ಶ್ವವಾಯು ಬಡಿದ ಹಿರಿಯರೊಬ್ಬರು ಏನನ್ನೋ ಹೇಳಲು ಹೆಣಗುವುದನ್ನು ಕಂಡ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ನಾಟಕಶಾಸ್ತ್ರದ ದೃಷ್ಟಿಯಿಂದ ಇಲ್ಲಿ ಇನ್ನೊಂದು ಕೆಲಸವೂ ನಡೆದಿದೆ. ಹಾಕಿಂಗ್ ಅವರು ಎರಡು ವರ್ಷಗಳಲ್ಲಿ ಸಾಯಲಿಲ್ಲವೆಂಬುದು ಪ್ರೇಕ್ಷಕರಿಗೆ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಅವಸರದ ಮದುವೆ, ಬೇಗನೆ ಹುಟ್ಟಿದ ಮಕ್ಕಳು, ಒಂದಿಷ್ಟು ಕಾಲವಾದರೂ ಜೊತೆಗಿರೋಣವೆಂಬ ಜೇನ್ ಅವರ ನಿರ್ಧಾರ ಎಲ್ಲವೂ ಅಲ್ಪಕಾಲದ ಒಪ್ಪಂದದಂತೆ ಶುರುವಾಗುತ್ತವೆ. ಆ ಅಲ್ಪಕಾಲ 25 ವರ್ಷಗಳಾಗಿ ಚಾಚಿಕೊಳ್ಳುತ್ತದೆ ಎಂದು ಮೊದಲೇ ಬಲ್ಲ ನಾವು ಮದುವೆಯ ಸಂಭ್ರಮವನ್ನು ಸಂತೋಷ ಮತ್ತು ಆತಂಕ ಎರಡನ್ನೂ ಒಟ್ಟಿಗೆ ಹೊತ್ತು ನೋಡುತ್ತೇವೆ.

## ಅವರು ಕಂಡುಹಿಡಿದದ್ದೇನು?

ವಿಜ್ಞಾನವನ್ನು ಬದಿಗಿಟ್ಟು ಚಿತ್ರವನ್ನು ನೋಡಬಹುದು, ಹೆಚ್ಚಿನವರು ಹಾಗೆಯೇ ನೋಡುತ್ತಾರೆ. ಆದರೆ ಎರಡು ವಿಷಯಗಳನ್ನು ಸ್ವಲ್ಪ ತಿಳಿದುಕೊಂಡರೆ ಚಿತ್ರದ ಕೊನೆಯ ದೃಶ್ಯ ಬೇರೆಯದೇ ಆಗಿ ಕಾಣುತ್ತದೆ.

ಐನ್‌ಸ್ಟೈನ್ ಅವರು 1915ರಲ್ಲಿ ಮಂಡಿಸಿದ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ, ವಸ್ತುಗಳು ತಮ್ಮ ಸುತ್ತಲಿನ ದೇಶ (ಅಂದರೆ ಸ್ಥಳಾವಕಾಶ) ಮತ್ತು ಕಾಲಗಳನ್ನು ಬಾಗಿಸುತ್ತವೆ. ನಾವು ಗುರುತ್ವವೆಂದು ಅನುಭವಿಸುವುದು ಆ ಬಾಗುವಿಕೆಯನ್ನೇ. ಬಹಳ ಭಾರವಾದ ನಕ್ಷತ್ರವೊಂದು ಇಂಧನ ಮುಗಿದು ತನ್ನದೇ ಭಾರಕ್ಕೆ ಕುಸಿದರೆ, ಒಂದು ಗಡಿಯ ಒಳಗಿನಿಂದ ಬೆಳಕು ಕೂಡ ಹೊರಬರಲಾಗದ ಸ್ಥಿತಿ ಉಂಟಾಗುತ್ತದೆ. ಅದೇ ಕಪ್ಪುಕುಳಿ ಅಥವಾ ಕೃಷ್ಣರಂಧ್ರ. ಆ ಗಡಿಗೆ ಘಟನಾ ದಿಗಂತ ಎಂದು ಹೆಸರು. ಒಳಗೆ ಕುಸಿತ ಎಲ್ಲಿಗೆ ಹೋಗಿ ನಿಲ್ಲುತ್ತದೆ? ಸಾಂದ್ರತೆಗೆ ಮಿತಿಯೇ ಇಲ್ಲದ, ಸಮೀಕರಣಗಳು ಕೈಚೆಲ್ಲುವ ‘ಸಿಂಗ್ಯುಲಾರಿಟಿ’ ಎಂಬ ಸ್ಥಿತಿ ಅಲ್ಲಿ ಅನಿವಾರ್ಯವೆಂದು 1965ರಲ್ಲಿ ರೋಜರ್ ಪೆನ್‌ರೋಸ್ ಗಣಿತದಿಂದ ತೋರಿಸಿದರು. ಈ ಸಾಧನೆಗೆ ಅವರಿಗೆ 2020ರಲ್ಲಿ ನೊಬೆಲ್ ಬಹುಮಾನದ ಪಾಲು ಸಿಕ್ಕಿತು.

ಯುವ ಹಾಕಿಂಗ್ ಅವರ ಹೊಳಹು ಹುಟ್ಟಿದ್ದು ಇಲ್ಲಿ. ವಿಶ್ವ ಹಿಗ್ಗುತ್ತಿದೆ ಎಂಬುದು ಆಗಲೇ ಗೊತ್ತಿತ್ತು. ಹಿಗ್ಗುತ್ತಿರುವ ವಿಶ್ವದಲ್ಲಿ ಕಾಲವನ್ನು ಹಿಂದಕ್ಕೆ ಓಡಿಸಿದರೆ ಅದು ಕುಸಿಯುತ್ತಿರುವ ನಕ್ಷತ್ರದಂತೆಯೇ ವರ್ತಿಸುತ್ತದೆ. ಹಾಗಿದ್ದರೆ ಪೆನ್‌ರೋಸ್ ಅವರ ವಾದಸರಣಿಯನ್ನು ಕಾಲದ ದಿಕ್ಕು ತಿರುಗಿಸಿ ಇಡೀ ವಿಶ್ವಕ್ಕೆ ಅನ್ವಯಿಸಬಹುದಲ್ಲವೇ? ಅನ್ವಯಿಸಿದಾಗ ಬಂದ ಉತ್ತರ, ವಿಶ್ವದ ಆರಂಭದಲ್ಲಿಯೂ ಅಂಥದೇ ಸಿಂಗ್ಯುಲಾರಿಟಿ ಇದ್ದಿರಬೇಕು ಎಂಬುದು. ಅವರ ಪಿಎಚ್‌ಡಿ ಪ್ರಬಂಧದ ಕೊನೆಯ ಅಧ್ಯಾಯದ ತಿರುಳು ಇದೇ. 2017ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಆ ಪ್ರಬಂಧವನ್ನು ಎಲ್ಲರೂ ಓದಲೆಂದು ಅಂತರ್ಜಾಲದಲ್ಲಿ ಇಟ್ಟಾಗ ಓದುಗರ ನೂಕುನುಗ್ಗಲಿಗೆ ಜಾಲತಾಣವೇ ಕುಸಿದುಬಿದ್ದಿತ್ತು.

ಎರಡನೆಯದು 1974ರ ಶೋಧ. ಕಪ್ಪುಕುಳಿಯೊಳಗೆ ಬಿದ್ದದ್ದು ಹೊರಬರುವುದಿಲ್ಲ, ಆದ್ದರಿಂದ ಅದರ ದಿಗಂತದ ವಿಸ್ತೀರ್ಣ ಕುಗ್ಗುವುದಿಲ್ಲ ಎಂಬುದನ್ನು ಸ್ವತಃ ಹಾಕಿಂಗ್ ಅವರೇ ಸಾಧಿಸಿದ್ದರು. ಜೇಕಬ್ ಬೆಕೆನ್‌ಸ್ಟೈನ್ ಎಂಬ ಯುವ ಸಂಶೋಧಕರು ಇದನ್ನು ಉಷ್ಣವಿಜ್ಞಾನದ ನಿಯಮಗಳೊಂದಿಗೆ ಜೋಡಿಸಿ, ಕಪ್ಪುಕುಳಿಗೂ ಎಂಟ್ರೊಪಿ ಇರಬೇಕೆಂದು, ಅಂದರೆ ಅದರೊಳಗಿನ ಅವ್ಯವಸ್ಥೆಗೂ ಒಂದು ಅಳತೆ ಇರಬೇಕೆಂದು ವಾದಿಸಿದರು. ಎಂಟ್ರೊಪಿ ಇದ್ದರೆ ಉಷ್ಣತೆ ಇರಬೇಕು, ಉಷ್ಣತೆ ಇದ್ದರೆ ವಿಕಿರಣ ಹೊಮ್ಮಬೇಕು. ಹಾಕಿಂಗ್ ಅವರಿಗೆ ಮೊದಲು ಇದು ಒಪ್ಪಿಗೆಯಾಗಲಿಲ್ಲ. ಅತಿಸೂಕ್ಷ್ಮ ಕಣಗಳ ಲೋಕವನ್ನು ವಿವರಿಸುವ ಕ್ವಾಂಟಮ್ ಸಿದ್ಧಾಂತವನ್ನು ಕಪ್ಪುಕುಳಿಯ ಅಂಚಿಗೆ ಅನ್ವಯಿಸಿ ಲೆಕ್ಕ ಹಾಕಿದಾಗ, ತಾವು ವಿರೋಧಿಸಿದ್ದ ಉತ್ತರವೇ ಅವರ ಕೈಗೆ ಬಂತು. ಕಪ್ಪುಕುಳಿ ಸಂಪೂರ್ಣ ಕಪ್ಪಲ್ಲ. ಅದು ಅತ್ಯಂತ ಮಂದವಾಗಿ ಹೊಳೆಯುತ್ತದೆ, ಹೊಳೆಯುತ್ತ ಶಕ್ತಿ ಕಳೆದುಕೊಂಡು ಕುಗ್ಗುತ್ತದೆ, ಕೊನೆಗೆ ಇಲ್ಲವಾಗುತ್ತದೆ. ಸೂರ್ಯನಷ್ಟು ತೂಕದ ಕಪ್ಪುಕುಳಿಯ ಉಷ್ಣತೆ, ಅದಕ್ಕಿಂತ ಕೆಳಗಿಳಿಯಲಾಗದ ತಣ್ಣನೆಯ ಮಿತಿಯಾದ ಪರಮಶೂನ್ಯಕ್ಕಿಂತ ಒಂದು ಡಿಗ್ರಿಯ 100 ಕೋಟಿಯಲ್ಲಿ ಸುಮಾರು 60 ಭಾಗದಷ್ಟು ಮಾತ್ರ ಹೆಚ್ಚು. ಇಡೀ ಆಕಾಶದಲ್ಲಿ ಹರಡಿರುವ ಮಹಾಸ್ಫೋಟದ ಶೇಷ ವಿಕಿರಣವೇ ಪರಮಶೂನ್ಯಕ್ಕಿಂತ ಸುಮಾರು 2.7 ಡಿಗ್ರಿ ಹೆಚ್ಚಿರುವುದರಿಂದ, ನಿಜವಾದ ಕಪ್ಪುಕುಳಿಯಿಂದ ಇಷ್ಟು ಕ್ಷೀಣವಾದ ಹೊಳಪನ್ನು ಯಾರೂ ಇದುವರೆಗೆ ಕಂಡಿಲ್ಲ. ಹಾಕಿಂಗ್ ಅವರಿಗೆ ನೊಬೆಲ್ ಬರದಿದ್ದುದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣವೂ ಇದೇ.

ಈ ಅಧ್ಯಾಯದಲ್ಲಿ ಕನ್ನಡಿಗರೊಬ್ಬರ ಪಾಲೂ ಇದೆ. ಬೆಂಗಳೂರಿನಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ ಅವರು ಅದೇ ವರ್ಷಗಳಲ್ಲಿ ಅಮೆರಿಕದಲ್ಲಿ ಸಂಶೋಧನೆ ಮಾಡುತ್ತ, ಕಪ್ಪುಕುಳಿಯನ್ನು ಕದಡಿದರೆ ಅದು ಛಿದ್ರವಾಗದೆ ತನ್ನದೇ ಆದ ಸ್ವರದಲ್ಲಿ ಕಂಪಿಸಿ ಶಾಂತವಾಗುತ್ತದೆ ಎಂದು 1970ರಲ್ಲಿ ತೋರಿಸಿದರು. 2015ರ ಸೆಪ್ಟೆಂಬರಿನಲ್ಲಿ ಮೊತ್ತಮೊದಲ ಬಾರಿಗೆ ದಾಖಲಾದ ಗುರುತ್ವ ತರಂಗದ, ಅಂದರೆ ದೇಶ-ಕಾಲಗಳಲ್ಲಿ ಹರಡುವ ಅಲೆಯ, ಕೊನೆಯ ಭಾಗ ಅಂಥದೇ ಕಂಪನವಾಗಿತ್ತು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಅವರೇ.

## ಹಿಂದಕ್ಕೆ ಸರಿಯುವ ಕಾಲ

ಚಿತ್ರದ ಅಂತ್ಯದಲ್ಲಿ ಬೇರೆಯಾಗಿರುವ ಸ್ಟೀಫನ್ ಮತ್ತು ಜೇನ್, ಬ್ರಿಟನ್ನಿನ ರಾಣಿಯನ್ನು ಭೇಟಿಯಾದ ಬಳಿಕ ಅರಮನೆಯ ತೋಟದಲ್ಲಿ ತಮ್ಮ ಮಕ್ಕಳನ್ನು ನೋಡುತ್ತಿರುತ್ತಾರೆ. ನಾವಿಬ್ಬರೂ ಸೇರಿ ಏನನ್ನು ಮಾಡಿದ್ದೇವೆ ನೋಡು ಎಂಬರ್ಥದ ಮಾತನ್ನು ಸ್ಟೀಫನ್ ತಮ್ಮ ಪರವಾಗಿ ಮಾತಾಡುವ ಯಂತ್ರದಲ್ಲಿ ಮೂಡಿಸುತ್ತಾರೆ. ಆಗ ಇಡೀ ಚಿತ್ರ ಹಿಂದಕ್ಕೆ ಓಡತೊಡಗುತ್ತದೆ. ಗಾಲಿಕುರ್ಚಿ ಹೋಗಿ ಊರುಗೋಲು ಬರುತ್ತದೆ, ಊರುಗೋಲೂ ಹೋಗಿ ನೆಟ್ಟಗೆ ನಡೆಯುವ ಕಾಲುಗಳು ಬರುತ್ತವೆ, ಕೊನೆಗೆ ಒಂದು ಪಾರ್ಟಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಮೊದಲ ಸಲ ಕಂಡ ಗಳಿಗೆಗೆ ಚಿತ್ರ ಬಂದು ನಿಲ್ಲುತ್ತದೆ.

ಬಿಂಬಗಳನ್ನು ಹಿಂದುಮುಂದು ಮಾಡುವುದು ಸಂಕಲನದ ಹಳೆಯ ತಂತ್ರ. ಬೇರೆ ಯಾರದೋ ಜೀವನಚಿತ್ರದಲ್ಲಿ ಇದು ಅಲಂಕಾರವಾಗಿ ಉಳಿಯುತ್ತಿತ್ತು. ಇಲ್ಲಿ ಅದು ಕಥಾನಾಯಕನ ಮೊದಲ ದೊಡ್ಡ ಶೋಧದ ವಿಧಾನವೇ ಆಗಿದೆ. ಹಿಗ್ಗಿದ್ದನ್ನು ಹಿಂದಕ್ಕೆ ಓಡಿಸಿ ಆರಂಭವನ್ನು ತಲುಪುವುದು ಅವರು ವಿಶ್ವಕ್ಕೆ ಮಾಡಿದ ಪ್ರಯೋಗ. ಚಿತ್ರ ಅದನ್ನೇ ಒಂದು ಸಂಸಾರಕ್ಕೆ ಮಾಡುತ್ತದೆ. ಸಾಪೇಕ್ಷತೆಯ ಸಮೀಕರಣಗಳಿಗೆ ಕಾಲ ಯಾವ ದಿಕ್ಕಿಗೆ ಹರಿದರೂ ಒಂದೇ, ಮನುಷ್ಯರ ದೇಹಕ್ಕೆ ಹಾಗಲ್ಲ. ಸತ್ತ ನರಕೋಶ ಮರಳಿ ಹುಟ್ಟುವುದಿಲ್ಲವೆಂದು ಎರಡು ಗಂಟೆಗಳ ಕಾಲ ತಿಳಿಸಿಕೊಟ್ಟ ಮೇಲೆಯೇ ಚಿತ್ರ ಆ ಅಸಾಧ್ಯವನ್ನು ಕಣ್ಣೆದುರು ಮಾಡಿ ತೋರಿಸುತ್ತದೆ. ಈ ದೃಶ್ಯಕ್ಕೆ ಬಳಸಿದ, ‘ದಿ ಸಿನಿಮ್ಯಾಟಿಕ್ ಆರ್ಕೆಸ್ಟ್ರಾ’ ತಂಡದ ಸಂಗೀತಕ್ಕೂ ಇದರಲ್ಲಿ ಪಾಲಿದೆ, ಆದರೆ ಕಣ್ಣು ತುಂಬುವುದಕ್ಕೆ ಸಂಗೀತವೊಂದನ್ನೇ ಹೊಣೆ ಮಾಡುವುದು ಸರಿಯಲ್ಲ.

ಇದಕ್ಕೂ ಸ್ವಲ್ಪ ಮುಂಚಿನ ಇನ್ನೊಂದು ದೃಶ್ಯ ಇದೇ ಆಸೆಯನ್ನು ಇನ್ನಷ್ಟು ಸರಳವಾಗಿ ಹೇಳುತ್ತದೆ. ಉಪನ್ಯಾಸವೊಂದರಲ್ಲಿ ಮುಂದಿನ ಸಾಲಿನ ಯುವತಿಯ ಲೇಖನಿ ನೆಲಕ್ಕೆ ಬೀಳುತ್ತದೆ. ಗಾಲಿಕುರ್ಚಿಯಲ್ಲಿರುವ ಹಾಕಿಂಗ್ ತಾವು ಎದ್ದು, ಮೆಟ್ಟಿಲಿಳಿದು, ಅದನ್ನು ಎತ್ತಿಕೊಟ್ಟಂತೆ ಕಲ್ಪಿಸಿಕೊಳ್ಳುತ್ತಾರೆ. ವಿಶ್ವದ ಆರಂಭವನ್ನು ಕಲ್ಪಿಸಿಕೊಂಡ ಮನಸ್ಸಿಗೆ ಒಂದು ಲೇಖನಿಯನ್ನು ಎತ್ತುವುದು ಅದಕ್ಕಿಂತ ದೊಡ್ಡ ಕಲ್ಪನೆಯಾಗಿಬಿಟ್ಟಿದೆ.

## ನಟನ ದೇಹ

ಸಿನಿಮಾಗಳನ್ನು ಕಥೆಯ ಕ್ರಮದಲ್ಲಿ ಚಿತ್ರೀಕರಿಸುವುದು ಅಪರೂಪ. ಸ್ಥಳ ಸಿಕ್ಕಿದಾಗ ಅಲ್ಲಿನ ದೃಶ್ಯಗಳನ್ನೆಲ್ಲ ಒಟ್ಟಿಗೆ ಮುಗಿಸುತ್ತಾರೆ. ಹೀಗಾಗಿ ರೆಡ್‌ಮೇನ್ ಅವರು ಒಂದೇ ದಿನದಲ್ಲಿ ಆರೋಗ್ಯವಂತ ವಿದ್ಯಾರ್ಥಿಯಾಗಿಯೂ ಊರುಗೋಲು ಹಿಡಿದವರಾಗಿಯೂ ಗಾಲಿಕುರ್ಚಿಯಲ್ಲಿ ಕುಳಿತವರಾಗಿಯೂ ನಟಿಸಬೇಕಾಗಿ ಬಂತು. ಅದಕ್ಕಾಗಿ ಅವರು ಯಾವ ಕಾಲಘಟ್ಟದಲ್ಲಿ ಯಾವ ಸ್ನಾಯು ಕೆಲಸ ಮಾಡುತ್ತಿತ್ತು, ಯಾವುದು ನಿಂತಿತ್ತು, ಮಾತು ಎಷ್ಟು ಅಸ್ಪಷ್ಟವಾಗಿತ್ತು ಎಂಬ ವಿವರವಾದ ಪಟ್ಟಿಯನ್ನು ತಯಾರಿಸಿಕೊಂಡಿದ್ದರು. ಲಂಡನ್ನಿನ ನರರೋಗ ಚಿಕಿತ್ಸಾಲಯವೊಂದರಲ್ಲಿ ರೋಗಿಗಳನ್ನೂ ಅವರ ಮನೆಯವರನ್ನೂ ಭೇಟಿಯಾಗಿ, ಹಾಕಿಂಗ್ ಅವರ ಹಳೆಯ ಛಾಯಾಚಿತ್ರಗಳನ್ನು ಪರಿಶೀಲಿಸಿ, ನೃತ್ಯ ಸಂಯೋಜಕಿಯೊಬ್ಬರ ನೆರವಿನಿಂದ ಪ್ರತಿ ಹಂತವನ್ನೂ ಅಭ್ಯಾಸ ಮಾಡಿದರು.

ಇದರ ಫಲವಾಗಿ ಚಿತ್ರದಲ್ಲಿ ಕಾಯಿಲೆ ಒಂದು ಘಟನೆಯಾಗಿ ಬರುವುದಿಲ್ಲ, ಹರಿಯುತ್ತಲೇ ಇರುತ್ತದೆ. ಪಾದ ತುಸು ಎಳೆಯುವುದು, ಸೀಮೆಸುಣ್ಣ ಹಿಡಿದ ಬೆರಳು ಮಡಿಚಿಕೊಳ್ಳುವುದು, ಬಟ್ಟಲನ್ನು ಎತ್ತಲು ಎರಡೂ ಕೈ ಬೇಕಾಗುವುದು ಮೊದಲಾದವು ಯಾರೂ ಬೊಟ್ಟು ಮಾಡದೆಯೇ ದೃಶ್ಯದ ಅಂಚಿನಲ್ಲಿ ನಡೆಯುತ್ತವೆ. ಗೆಳೆಯರು ಹರಟುತ್ತಿರುವ ಊಟದ ಮೇಜಿನಲ್ಲಿ ಚಮಚ ಬಾಯಿಗೆ ತಲುಪದೆ ಹೋದಾಗ ಹಾಕಿಂಗ್ ಎದ್ದು ಹೋಗುತ್ತಾರೆ, ಮಹಡಿಯ ಮೆಟ್ಟಿಲುಗಳನ್ನು ತೆವಳುತ್ತ ಹತ್ತುತ್ತಾರೆ. ಮೇಲೆ ಅಡ್ಡಗಟ್ಟಿದ ಪುಟ್ಟ ಗೇಟಿನ ಹಿಂದೆ ನಿಂತ ಅವರ ಮಗು ಅದನ್ನು ನೋಡುತ್ತಿರುತ್ತದೆ. ತೆವಳುವುದನ್ನು ಬಿಟ್ಟು ನಡೆಯಲು ಕಲಿತ ಮಗು ಮತ್ತು ನಡೆಯುವುದನ್ನು ಬಿಟ್ಟು ತೆವಳತೊಡಗಿದ ತಂದೆ ಎದುರುಬದುರಾಗುತ್ತಾರೆ. ಮಾತಿಲ್ಲದೆ, ಒಂದೇ ಚೌಕಟ್ಟಿನಲ್ಲಿ ಇಷ್ಟನ್ನು ಹೇಳಿರುವುದರಿಂದ ಇದು ಚಿತ್ರದ ಅತ್ಯುತ್ತಮ ಕ್ಷಣವೆಂದು ಹೇಳಲು ಅಡ್ಡಿಯಿಲ್ಲ.

## ಲೆಕ್ಕದ ಇನ್ನೊಂದು ಬದಿ

ಈ ಎಲ್ಲ ವರ್ಷಗಳಲ್ಲಿ ಹಾಕಿಂಗ್ ಅವರಿಗೆ ಉಡುಪು ತೊಡಿಸಿ, ಊಟ ಮಾಡಿಸಿ, ಎತ್ತಿ ಕೂರಿಸಿ, ಅದರ ಜೊತೆಗೆ ಮೂವರು ಮಕ್ಕಳನ್ನು ಸಾಕಿದವರು ಜೇನ್. ಹೊರಗಿನ ಸಹಾಯವನ್ನು ಒಪ್ಪಿಕೊಳ್ಳಲು ಹಾಕಿಂಗ್ ಅವರು ಬಹುಕಾಲ ಸಿದ್ಧರಿರಲಿಲ್ಲ. ಜೇನ್ ಅವರು ಮಧ್ಯಯುಗದ ಸ್ಪ್ಯಾನಿಷ್ ಕಾವ್ಯದ ಮೇಲೆ ತಾವೂ ಪಿಎಚ್‌ಡಿ ಮಾಡುತ್ತಿದ್ದರು. ಅದು ಕೈಗೆ ಬಂದದ್ದು 1981ರಲ್ಲಿ, ಗಂಡ 32ನೆಯ ವಯಸ್ಸಿನಲ್ಲೇ ರಾಯಲ್ ಸೊಸೈಟಿಯ ಸದಸ್ಯರಾಗಿ, ಹಿಂದೊಮ್ಮೆ ನ್ಯೂಟನ್ ಕುಳಿತಿದ್ದ ಲ್ಯೂಕೇಸಿಯನ್ ಪೀಠವನ್ನೂ 1979ರಲ್ಲಿ ಏರಿಯಾದ ಮೇಲೆ. ಪುಸ್ತಕಗಳ ನಡುವೆ ಓದಲು ಕುಳಿತ ಜೇನ್ ಪದೇ ಪದೇ ಏಳಬೇಕಾಗಿ ಬರುವುದನ್ನು ಚಿತ್ರವೂ ಮರೆತಿಲ್ಲ.

ಜೇನ್ ದೈವಭಕ್ತೆ, ಸ್ಟೀಫನ್ ನಾಸ್ತಿಕ. ದಣಿದ ಜೇನ್ ಚರ್ಚಿನ ಗಾಯನವೃಂದವನ್ನು ಸೇರಿದಾಗ ಅಲ್ಲಿನ ಸಂಗೀತಗಾರ ಜೊನಾಥನ್ ಕುಟುಂಬಕ್ಕೆ ನೆರವಾಗುತ್ತ ಹತ್ತಿರವಾಗುತ್ತಾರೆ. ಮುಂದೆ ಸ್ಟೀಫನ್ ತಮ್ಮ ದಾದಿಯರಲ್ಲೊಬ್ಬರಾದ ಇಲೇನ್ ಅವರತ್ತ ವಾಲುತ್ತಾರೆ. ಚಿತ್ರ ಇಲ್ಲಿ ಯಾರನ್ನೂ ಖಳರನ್ನಾಗಿ ಮಾಡುವುದಿಲ್ಲ. ದೂಷಿಸಲು ಯಾರಾದರೂ ಸಿಕ್ಕಿದ್ದರೆ ಪ್ರೇಕ್ಷಕರ ದುಃಖ ಕೋಪವಾಗಿ ಹರಿದುಹೋಗುತ್ತಿತ್ತು. ಆ ದಾರಿ ಮುಚ್ಚಿರುವುದರಿಂದ ಅದು ದುಃಖವಾಗಿಯೇ ಉಳಿಯುತ್ತದೆ.

## ಎರವಲು ಧ್ವನಿ

1985ರಲ್ಲಿ ಹಾಕಿಂಗ್ ಅವರಿಗೆ ತೀವ್ರ ನ್ಯುಮೋನಿಯಾ ಆಯಿತು. ಕೃತಕ ಉಸಿರಾಟವನ್ನು ನಿಲ್ಲಿಸುವ ಪ್ರಶ್ನೆಯನ್ನು ವೈದ್ಯರು ಮುಂದಿಟ್ಟಾಗ ಜೇನ್ ಒಪ್ಪಲಿಲ್ಲ. ಕುತ್ತಿಗೆಯಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ಕೊಳವೆ ಜೋಡಿಸುವ ಶಸ್ತ್ರಚಿಕಿತ್ಸೆ ಜೀವವನ್ನು ಉಳಿಸಿತು, ಅಳಿದುಳಿದಿದ್ದ ಮಾತನ್ನು ಪೂರ್ತಿಯಾಗಿ ಕಿತ್ತುಕೊಂಡಿತು. ಮೊದಮೊದಲು ಬೇರೆಯವರು ಅಕ್ಷರಗಳ ಹಲಗೆಯನ್ನು ತೋರಿಸುತ್ತಿದ್ದರು, ಅವರು ಹುಬ್ಬೇರಿಸಿ ಬೇಕಾದ ಅಕ್ಷರವನ್ನು ಆರಿಸುತ್ತಿದ್ದರು. ನಂತರ ಬಂದ ಕಂಪ್ಯೂಟರ್ ಕಾರ್ಯಕ್ರಮದಲ್ಲಿ ಗುಂಡಿಯನ್ನು ಒತ್ತಿ ಪರದೆಯ ಮೇಲಿನ ಪದಗಳನ್ನು ಆರಿಸಬಹುದಿತ್ತು. ಯಂತ್ರ ಅದನ್ನು ನುಡಿಯುತ್ತಿತ್ತು. ನಿಮಿಷಕ್ಕೆ ಸುಮಾರು 15 ಪದಗಳ ವೇಗ ಅದರದು. ಕೈ ಬೆರಳುಗಳೂ ಸೋತ ಮೇಲೆ ಕೆನ್ನೆಯ ಸ್ನಾಯುವಿನ ಅಲುಗಾಟವನ್ನು ಗುರುತಿಸುವ ಸಂವೇದಕವನ್ನು ಕನ್ನಡಕಕ್ಕೆ ಜೋಡಿಸಲಾಯಿತು.

ಲೋಕವೆಲ್ಲ ಹಾಕಿಂಗ್ ಅವರದೆಂದು ಗುರುತಿಸುವ ಆ ಯಾಂತ್ರಿಕ ಧ್ವನಿಯ ಮೂಲ ಡೆನಿಸ್ ಕ್ಲಾಟ್ ಎಂಬ ಅಮೆರಿಕದ ಧ್ವನಿವಿಜ್ಞಾನಿ. ಅವರು ತಮ್ಮದೇ ಸ್ವರವನ್ನು ಮಾದರಿಯಾಗಿಟ್ಟುಕೊಂಡು ಅದನ್ನು ರೂಪಿಸಿದ್ದರು. 1988ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಚಿತ್ರದಲ್ಲಿ ಯಂತ್ರ ಮೊದಲ ಸಲ ಮಾತಾಡಿದಾಗ, ಇದು ಅಮೆರಿಕನ್ನರ ಉಚ್ಚಾರಣೆಯಲ್ಲವೇ ಎಂದು ಜೇನ್ ತಬ್ಬಿಬ್ಬಾಗುತ್ತಾರೆ. ನಗು ಬರಿಸುವ ಈ ಗಳಿಗೆಯಲ್ಲಿ ಗಂಡನ ದನಿಯನ್ನು ಅವರು ಇನ್ನೆಂದೂ ಕೇಳಲಾರರು ಎಂಬುದೂ ಅಡಗಿದೆ. ಚಿತ್ರವನ್ನು ನೋಡಿದ ಬಳಿಕ ಹಾಕಿಂಗ್ ಅವರು ತಮ್ಮ ನಿಜವಾದ ಯಂತ್ರಧ್ವನಿಯನ್ನೇ ಬಳಸಲು ಅನುಮತಿ ಕೊಟ್ಟರು. ಚಿತ್ರ ಸ್ಥೂಲವಾಗಿ ನಿಜ ಎಂಬುದು ಅವರ ತೀರ್ಪಾಗಿತ್ತು.

## ‘ನಿಜಕಥೆ’ ಎಂದರೆ ಎಷ್ಟು ನಿಜ?

ಕಾವ್ಯದ ಭಾವ ಯಾರದೋ ಒಬ್ಬರ ಖಾಸಗಿ ದುಃಖವಾಗಿ ಉಳಿದರೆ ಅದು ರಸವಾಗುವುದಿಲ್ಲ, ಎಲ್ಲರದೂ ಆದಾಗ ಮಾತ್ರ ರಸವಾಗುತ್ತದೆ ಎಂದು ನಮ್ಮ ಅಲಂಕಾರಶಾಸ್ತ್ರ ಹೇಳುತ್ತದೆ. ಪ್ರಾಚೀನ ಕಾವ್ಯಮೀಮಾಂಸಕ ಭಟ್ಟನಾಯಕ ಇದನ್ನು ಸಾಧಾರಣೀಕರಣ ಎಂದು ಕರೆದ. ಜೀವನಚಿತ್ರದ ಇಕ್ಕಟ್ಟು ಇರುವುದು ಇಲ್ಲಿಯೇ. ಇದು ನಿಜವಾಗಿ ನಡೆದದ್ದು, ಇಂಥವರಿಗೇ ಆದದ್ದು ಎಂಬ ಅರಿವು ನಂಬಿಕೆಯನ್ನು ಕೊಡುತ್ತದೆ. ಅದೇ ಅರಿವು ಕಥೆಯನ್ನು ಒಬ್ಬ ವ್ಯಕ್ತಿಗೆ ಕಟ್ಟಿಹಾಕಲೂಬಹುದು. ಆದ್ದರಿಂದ ಚಿತ್ರಕಾರರು ವಿಶಿಷ್ಟವಾದ ಸಂಗತಿಗಳನ್ನು ಸವರಿ ಎಲ್ಲರಿಗೂ ಪರಿಚಿತವಾದ ಆಕಾರಕ್ಕೆ ತರುತ್ತಾರೆ. ಹಾಗೆ ಸವರಿದ್ದರಲ್ಲಿ ಕೆಲವು ನಿರುಪದ್ರವಿ, ಕೆಲವು ಅಲ್ಲ.

ಚಿತ್ರದಲ್ಲಿ ಉಣ್ಣೆಯ ಅಂಗಿ ತಲೆಗೆ ಸಿಕ್ಕಿಹಾಕಿಕೊಂಡಾಗ, ಅದರ ಎಳೆಗಳ ಮೂಲಕ ಒಲೆಯ ಬೆಂಕಿ ಹೊಳೆಯುವುದನ್ನು ಕಂಡು ಕಪ್ಪುಕುಳಿಯ ವಿಕಿರಣ ಹೊಳೆದಂತೆ ತೋರಿಸಲಾಗಿದೆ. ವಾಸ್ತವದಲ್ಲಿ 1974ರ ಫಲಿತಾಂಶ ದೀರ್ಘ ಲೆಕ್ಕಾಚಾರದಿಂದ ಬಂದದ್ದು. ಅದಕ್ಕೆ ದಾರಿ ಮಾಡಿದ ದಿಗಂತದ ವಿಸ್ತೀರ್ಣದ ವಿಚಾರ ಮಾತ್ರ, 1970ರಲ್ಲಿ ಮಗಳು ಲೂಸಿ ಹುಟ್ಟಿದ ಕೆಲವೇ ದಿನಗಳ ನಂತರ, ರಾತ್ರಿ ಮಲಗಲು ಹೋಗುವಾಗ ಹೊಳೆಯಿತೆಂದು ಹಾಕಿಂಗ್ ಅವರು ಬರೆದಿದ್ದಾರೆ. ಅವರಿಗೆ ಹಾಸಿಗೆ ಸೇರಲು ಹೆಚ್ಚು ಹೊತ್ತು ಹಿಡಿಯುತ್ತಿದ್ದುದರಿಂದ ಯೋಚಿಸಲು ಸಮಯ ಸಿಕ್ಕಿತ್ತು. 1985ರ ನ್ಯುಮೋನಿಯಾ ಚಿತ್ರದಲ್ಲಿ ಫ್ರಾನ್ಸಿನ ಬೋರ್ಡೊ ನಗರದ ಸಂಗೀತ ನಾಟಕದ ನಡುವೆ ಎರಗುತ್ತದೆ, ನಿಜದಲ್ಲಿ ಅದು ಸ್ವಿಟ್ಜರ್‌ಲೆಂಡಿನ ಜಿನೀವಾದಲ್ಲಿ, ಸರ್ನ್ ಸಂಶೋಧನಾಲಯದ ಭೇಟಿಯ ವೇಳೆ ಆದದ್ದು. ಇವುಗಳಿಂದ ಹೆಚ್ಚೇನೂ ನಷ್ಟವಿಲ್ಲ.

ಪ್ರೇಮದ ಆರಂಭವನ್ನು ಬದಲಿಸಿದ್ದು ಮಾತ್ರ ಅಷ್ಟು ಹಗುರವಾದ ವಿಷಯವಲ್ಲ. ಚಿತ್ರದ ಜೇನ್ ಕೇಂಬ್ರಿಡ್ಜಿನ ವಿದ್ಯಾರ್ಥಿನಿ. ಮೊದಲು ಪ್ರೇಮ, ಆಮೇಲೆ ಸಿಡಿಲಿನಂತೆ ರೋಗದ ಸುದ್ದಿ. ನಿಜದ ಜೇನ್ ಓದಿದ್ದು ಲಂಡನ್ನಿನ ವೆಸ್ಟ್‌ಫೀಲ್ಡ್ ಕಾಲೇಜಿನಲ್ಲಿ. ಸ್ಟೀಫನ್ ಅವರ ಪರಿಚಯವಾದದ್ದು ಇಬ್ಬರ ಮನೆಗಳೂ ಇದ್ದ ಸೇಂಟ್ ಆಲ್ಬನ್ಸ್ ಊರಿನಲ್ಲಿ. ಅವರಿಬ್ಬರೂ ಜೊತೆಯಾಗಿ ಓಡಾಡತೊಡಗುವ ಹೊತ್ತಿಗೆ ರೋಗ ಪತ್ತೆಯಾಗಿತ್ತು, ಅದು ಜೇನ್ ಅವರಿಗೂ ಗೊತ್ತಿತ್ತು. ಪ್ರೀತಿಸಿದ ಮೇಲೆ ಬಿಟ್ಟುಹೋಗದಿರುವುದು ಒಂದು, ಎಲ್ಲವನ್ನೂ ತಿಳಿದೇ ಹತ್ತಿರ ಬರುವುದು ಇನ್ನೊಂದು. ಆಘಾತದ ದೃಶ್ಯಕ್ಕಾಗಿ ಚಿತ್ರ ಮೊದಲನೆಯದನ್ನು ಆರಿಸಿಕೊಂಡಿತು. ಎರಡನೆಯದು ಕಣ್ಣೀರನ್ನು ಅಷ್ಟು ಬೇಗ ತರಿಸುತ್ತಿರಲಿಲ್ಲ, ಆದರೆ ಹೆಚ್ಚು ದಿನ ಕಾಡುತ್ತಿತ್ತು.

ಚಿತ್ರದಲ್ಲಿ ತಮ್ಮ ದುಡಿಮೆ ಪೂರ್ತಿಯಾಗಿ ಬಂದಿಲ್ಲವೆಂದು ಜೇನ್ ಅವರೂ ನಂತರ ಹೇಳಿದ್ದಾರೆ. ಗಂಡನ ಸಮ್ಮೇಳನಗಳಿಗಾಗಿ ಮಕ್ಕಳನ್ನು, ಪೆಟ್ಟಿಗೆಗಳನ್ನು, ಗಾಲಿಕುರ್ಚಿಯನ್ನು ಕಾರಿಗೆ ತುಂಬಿ ಅಲ್ಲಿಂದಿಲ್ಲಿಗೆ ಹೊರಡುತ್ತಿದ್ದ ಪ್ರಯಾಣಗಳೊಂದೂ ಅದರಲ್ಲಿರಲಿಲ್ಲ. ಅವುಗಳನ್ನು ವೇಗವಾಗಿ ಮುಂದಕ್ಕೆ ಓಡುವ ಕೆಲವು ಬಿಂಬಗಳಲ್ಲಾದರೂ ತೋರಿಸಿ ಎಂದು ಅವರು ಕೇಳಿಕೊಂಡರು. ಚಿತ್ರದ ಅವಧಿಯಲ್ಲಿ ಅದಕ್ಕೆ ಜಾಗವಿಲ್ಲ ಎಂಬ ಉತ್ತರ ಬಂತು.